‘ಡೆಡ್ ಟೈಮ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾಗದದ ಗಿರಣಿಗಳಲ್ಲಿ ಮರದ ಚಕ್ಕೆ ಬೇಯಿಸಿ ತಿರುಳು ಮಾಡುವ ಡೈಜೆಸ್ಟರ್‌ಗಳಿಗೆ ಕಂಪ್ಯೂಟರ್ ನಿಯಂತ್ರಣ ರೂಪಿಸುವುದು ನನ್ನ ಕೆಲಸ. ಆಪರೇಟರ್‌ಗಳು ನೋಡುವ ಪರದೆಯನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಿಕ್ಕ ಪದಗಳು ಹೇಗೋ ಒದಗಿದವು. ‘ಡೆಡ್ ಟೈಮ್’ ಒಂದು ಬಗೆಹರಿಯುತ್ತಿಲ್ಲ.

ನಿರಂತರ ಡೈಜೆಸ್ಟರ್‌ನಲ್ಲಿ ಮೇಲಿಂದ ಬಿದ್ದ ಚಕ್ಕೆ ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ 160 ಡಿಗ್ರಿ ಆಸುಪಾಸಿನಲ್ಲಿ ಬೇಯುತ್ತಾ ತಳ ಸೇರಲು ಗಂಟೆಗಟ್ಟಲೆ ಹಿಡಿಯುತ್ತದೆ. ಎಷ್ಟು ಬೆಂದಿದೆ ಎಂದು ತಿಳಿಸುವ ಕಪ್ಪಾ ಸಂಖ್ಯೆ ಸಿಗುವುದು ತಿರುಳು ಹೊರಬಂದ ಮೇಲೆಯೇ. ಕಪ್ಪಾ 20 ಎಂದರೆ ಇನ್ನೂ ಸುಮಾರು ಶೇ 3ರಷ್ಟು ಲಿಗ್ನಿನ್ (ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ವಸ್ತು) ಉಳಿದಿದೆ ಎಂದು ಲೆಕ್ಕ. ಮೇಲೆ ಶಾಖ ಬದಲಿಸಿದರೂ ಆ ಅಂಕಿ ಅಷ್ಟು ಹೊತ್ತು ಕದಲುವುದಿಲ್ಲ. ಆ ಕದಲದ ಹೊತ್ತೇ ಡೆಡ್ ಟೈಮ್.

ಮೊದಲು ‘ವಿಳಂಬ’ ಎಂದು ಹಾಕಿದ್ದೆ. ರಾತ್ರಿ ಪಾಳಿಯ ಆಪರೇಟರ್ ಒಬ್ಬರು ‘ವಿಳಂಬ: 3 ಗಂಟೆ’ ಓದಿ ಫೋನ್ ಮಾಡಿದರು: “ಸಾರ್, ಏನು ತಡ ಆಗಿರೋದು? ಪಂಪ್ ನಿಂತಿದೆಯಾ?” ಅಂಕಿ ಅಲ್ಲಾಡಲಿಲ್ಲವೆಂದು ಅಷ್ಟರಲ್ಲಿ ಮತ್ತೆರಡು ಸಲ ಶಾಖ ಏರಿಸಿದ್ದರು. ಬೆಳಗಾಗುವಾಗ ತಿರುಳು ಮಿತಿಮೀರಿ ಬೆಂದಿತ್ತು. ತಪ್ಪು ಅವರದಲ್ಲ, ನಾನು ಆರಿಸಿದ ಪದದ್ದು. ರೈಲು ವಿಳಂಬ ಅನ್ನುತ್ತೇವಲ್ಲ, ಬರಬೇಕಾದ್ದು ಬರಲಿಲ್ಲ ಎಂಬ ದೂರು ಆ ಪದದೊಳಗೇ ಇದೆ. ಇಲ್ಲಿ ಯಾವುದೂ ತಡವಾಗಿಲ್ಲ, ಚಕ್ಕೆ ದಾರಿಯಲ್ಲಿದೆ.

ನಿಯಂತ್ರಣದಲ್ಲಿ ‘ಲ್ಯಾಗ್’ ಎಂಬ ಇನ್ನೊಂದು ಪದವಿದೆ, ಅದು ಬೇರೆಯದು. ಅದರಲ್ಲಿ ಅಂಕಿ ಮೊದಲಿಂದಲೇ ಮೆಲ್ಲಗೆ ಸರಿಯುತ್ತಿರುತ್ತದೆ. ಅದಕ್ಕೆ ಬೇಕಾದರೆ ‘ನಿಧಾನ’ ಅನ್ನಬಹುದು. ಡೆಡ್ ಟೈಮ್‌ನ ಕಾಟಕ್ಕೆಂದೇ ಅಮೆರಿಕದ ಎಂಜಿನಿಯರ್ ಓಟೊ ಸ್ಮಿತ್ 1957ರಲ್ಲಿ ಪ್ರತ್ಯೇಕ ವಿಧಾನ ಕೊಟ್ಟರು: ಬರಲಿರುವ ಅಂಕಿಯನ್ನು ಗಣಿತದ ಮಾದರಿಯಿಂದ ಮೊದಲೇ ಊಹಿಸಿ ನಡೆಯುವುದು. ಆದ್ದರಿಂದ ಎರಡಕ್ಕೂ ಒಂದೇ ಪದ ಸಲ್ಲದು.

ನೀರುಗಂಟಿಯ ಕೆಲಸ ನೆನಪಾಯಿತು. ತೂಬಿನ ನೀರು ಕೊನೆಯ ಗದ್ದೆ ಮುಟ್ಟಲು ಎಷ್ಟು ಹೊತ್ತೆಂದು ತಿಳಿದವನು ಗದ್ದೆ ತುಂಬುವ ಮುಂಚೆಯೇ ತೂಬು ಇಳಿಸುತ್ತಾನೆ. ‘ಮುಟ್ಟುಹೊತ್ತು’ ಎಂದು ಸಮಾಸ ಮಾಡಿದರೆ ಬೇರೆ ಅರ್ಥ ಬರುತ್ತದೆ, ಬಿಟ್ಟೆ. ‘ಹಾಯುವ ಹೊತ್ತು’ ನನಗೆ ಹಿಡಿಸಿದೆ. ನೀರು ಹಾಯಿಸುವ ಜನಕ್ಕೆ ವಿವರಿಸಬೇಕಾಗಿಲ್ಲ.

ಕೆರೆ, ಕಾಲುವೆ ಬಯಲಿನವರು ಇದಕ್ಕೆ ಒಂದೇ ಮಾತಿನ ಪದ ಬಳಸುತ್ತಾರೆಯೇ? ದಾಂಡೇಲಿ, ಭದ್ರಾವತಿಯ ಕಾಗದದ ಗಿರಣಿಗಳಲ್ಲಿ ಬಿದಿರು ಬೇಯಿಸಿದ ಹಿರಿಯರು ಏನನ್ನುತ್ತಿದ್ದರು? ಊರಿನ ಹೆಸರು, ಬಳಸಿದ ವಾಕ್ಯ ಎರಡನ್ನೂ ಜೊತೆಗೆ ಬರೆಯಿರಿ.