ಒಂದು ಬಟ್ಟಲು ಮೊಸರು, ಮೂರು ಊರಿನ ಜಗಳ

ಮೇ ತಿಂಗಳ ಭಾನುವಾರ, ಮುಂಬಯಿಯ ಮಾಟುಂಗಾದ ನಮ್ಮ ಮನೆ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಬನಿಯನ್ನು ಬೆನ್ನಿಗೆ ಅಂಟಿತ್ತು. ಮೈಸೂರಿನ ರಾಯರು, ಧಾರವಾಡದ ಜೋಶಿ, ಉಡುಪಿ ಕಡೆಯ ಶೆಟ್ರು ಬಂದಿದ್ದರು. "ಕುಡಿಯೋಕೆ ಏನು ಕೊಡಲಿ?" ಅಂತ ಕೇಳಿದ್ದೇ ನನ್ನ ತಪ್ಪು.

"ಲಸ್ಸಿ ಆಗಲಿ," ಅಂದ ಜೋಶಿ. ಅಮೃತಸರ ನೋಡಿ ಬಂದ ಮೇಲೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. "ಗೇಣುದ್ದ ಲೋಟ, ಮ್ಯಾಲೆ ಬೆರಳ ದಪ್ಪ ಕೆನಿ. ಒಂದು ಕುಡದ್ರ ರಾತ್ರಿ ಊಟ ಬ್ಯಾಡ. ಅಲ್ಲಿ ವಾಷಿಂಗ್ ಮಷೀನಿನಾಗ ಲಸ್ಸಿ ಕಡೀತಾರ, ಗೊತ್ತದನು?"

"ಸೋಪು ಎಷ್ಟು ಹಾಕ್ತಾರಪ್ಪಾ?" ಅಂದರು ರಾಯರು. ಮಾತು ಮಾತ್ರ ಸುಳ್ಳಲ್ಲ. ಪಂಜಾಬಿನ ಕೆಲವು ಢಾಬಾಗಳಲ್ಲಿ ಲಸ್ಸಿಗೆಂದೇ ಒಂದು ಮಷೀನು ಇರುತ್ತದೆ.

ನಾನೂ ಸುಮ್ನಿರದೆ ಜೋಧಪುರದ ಮಖನಿಯಾ ಲಸ್ಸಿ ನೆನಪಿಸಿದೆ. ಕೇಸರಿ, ಏಲಕ್ಕಿ, ಮೇಲೆ ಬೆಣ್ಣೆ. ಚಮಚ ಇಲ್ಲದೆ ಕೆಳಗಿಳಿಯುವುದಿಲ್ಲ. ಬನಾರಸಿನಲ್ಲಿ ಮಣ್ಣಿನ ಕುಡಿಕೆಗೆ ಲಸ್ಸಿ ಹಾಕಿ ಮೇಲೆ ರಬಡಿ ಬೇರೆ.

"ಚಮಚ ಬೇಕಾದರೆ ಅದು ತಿಂಡಿ ಕಣ್ರೀ," ಅಂತ ರಾಯರು ತೀರ್ಪು ಕೊಟ್ಟರು. ಅವರಿಗೆ ರಾಮನವಮಿಯ ನೀರುಮಜ್ಜಿಗೆ ಬಿಟ್ಟರೆ ಬೇರೇನೂ ರುಚಿಸದು. ಪಾನಕ ಒಂದು ಲೋಟ, ಮಜ್ಜಿಗೆ ಎರಡು. ಕೋಸಂಬರಿಯ ಲೆಕ್ಕ ಅವರು ಹೇಳುವುದಿಲ್ಲ.

"ಮತ್ತ ಪಿಯೂಷ್?" ಜೋಶಿ ಬಿಡಲಿಲ್ಲ. ದಾದರಿನ ಮರಾಠಿ ಹೋಟೆಲುಗಳಲ್ಲಿ ಸಿಗುತ್ತದೆ. ಶ್ರೀಖಂಡಕ್ಕೆ ಮಜ್ಜಿಗೆ ಬೆರೆಸಿ, ಜಾಯಿಕಾಯಿ ತೇಯ್ದು ಹಾಕುತ್ತಾರೆ. ಹಬ್ಬದಲ್ಲಿ ಉಳಿದ ಶ್ರೀಖಂಡ ಖಾಲಿ ಮಾಡುವ ಉಪಾಯ ಅಂತ ರಾಯರ ಅನುಮಾನ.

ನನ್ನ ಓಟು ಮಠ್ಠಾಕ್ಕೆ. ಮರಾಠಿ ಮದುವೆಯಲ್ಲಿ ಜಿಲೇಬಿ ಜೊತೆ ಕೊಡುವ ಮಜ್ಜಿಗೆ ಅದು. ಶುಂಠಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ. ಸಿಹಿ ಒಂದು ಕಚ್ಚು, ಖಾರ ಒಂದು ಗುಟುಕು. ಜಿಲೇಬಿ ಮುಗಿದಾಗ ಮಠ್ಠಾ ಉಳಿದಿರುತ್ತದೆ. ಅದಕ್ಕೇಂತ ಇನ್ನೊಂದು ಜಿಲೇಬಿ. ಈಗ ಮಠ್ಠಾ ಮುಗಿಯಿತು! ಎರಡೂ ಒಟ್ಟಿಗೆ ಮುಗಿದದ್ದು ನನ್ನ ಜನ್ಮದಲ್ಲಿಲ್ಲ.

ಇಷ್ಟು ಹೊತ್ತು ಶೆಟ್ರು ಸುಮ್ನೆ ಕೂತಿದ್ದರು. ಹೋಟೆಲು ನಡೆಸುವವರು. "ಮೊಸರು ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಮಜ್ಜಿಗೆ ಮಾರಾಯ್ರೆ. ಮೊಸರಿಗೆ ನೀರು ಹೊಯ್ದರೆ ಅದು ನೀರು ಹೊಯ್ದ ಮೊಸರು, ಅಷ್ಟೇ."

"ನಿಮ್ಮ ಹೋಟೆಲಲ್ಲಿ ಕೊಡೋದು?"

"ಅದು ವ್ಯಾಪಾರ."

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಮಜ್ಜಿಗೆಗೆ ಬಂದವರಿಗೆ ಎಮ್ಮೆ ಕ್ರಯ ಯಾಕೆ? ಮನೇಲಿ ಇರೋದು ಒಂದೇ ಬಟ್ಟಲು ಮೊಸರು. ಯಾವ ಊರಿಂದು ಮಾಡ್ಲಿ?"

ಎಲ್ಲರೂ ಫ್ಯಾನು ನೋಡಿದೆವು. ಶೆಟ್ರು ಎದ್ದು ಪಂಚೆ ಎತ್ತಿ ಕಟ್ಟಿದರು. "ಅಕ್ಕಾ, ಕುಡಿಯುವ ನೀರು ಎಲ್ಲುಂಟು?"

ಹತ್ತು ನಿಮಿಷಕ್ಕೆ ಐದು ದೊಡ್ಡ ಲೋಟ ಬಂದವು. ಇಂಗು, ಜಜ್ಜಿದ ಶುಂಠಿ, ಹಸಿಮೆಣಸು, ಮೇಲೆ ತೇಲುವ ಕರಿಬೇವು. ಜೋಶಿ ಲೋಟದೊಳಗೆ ಇಣುಕಿದ. "ಶೆಟ್ರ, ತಳದಾಗಿನ ಕಂಪನಿ ಹೆಸರು ಕಾಣಸ್ತದಲ್ರೀ!" ಅಂದವನು ಒಂದೇ ಉಸಿರಿಗೆ ಕುಡಿದು ಲೋಟ ಮುಂದೆ ಹಿಡಿದ.

ಸಂಜೆ ಶೆಟ್ರು ಬೊರಿವಲಿಗೆ ಹೊರಟಾಗ ಮೀಸೆಯಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿಕೊಂಡಿತ್ತು. ಹೇಳಲು ಬಾಯಿ ತೆರೆದೆ. ರಾಯರು ನನ್ನ ತೊಡೆ ಚಿವುಟಿದರು.