ಹದಿನೆಂಟನೆಯ ರಾತ್ರಿ ಕಾವು ಬಿಟ್ಟೆದ್ದ ಹೇಟೆ: ಮೊಟ್ಟೆಗಳು ಉಳಿದಾವೇ?

ಪ್ರಶ್ನೆ

ಇಂದು ಬೆಳಿಗ್ಗೆ ಕೋಳಿಮನೆಯ ಬಾಗಿಲು ತೆರೆದಾಗ ನನ್ನ ಬೂದು ಹೇಟೆ ಹೊಸ್ತಿಲಲ್ಲೇ ನಿಂತಿತ್ತು. ಹದಿನೆಂಟು ದಿನದಿಂದ ಕಾವಿಗೆ ಕೂತಿದ್ದ ಕೋಳಿ ಅದು. ಗೂಡಿಗೆ ಕೈ ಹಾಕಿದೆ. ಒಂಬತ್ತು ಮೊಟ್ಟೆಗಳೂ ತಣ್ಣಗಾಗಿದ್ದವು. ರಾತ್ರಿ ಒಂಬತ್ತೂವರೆಗೆ ನೋಡಿದಾಗ ಕೂತೇ ಇತ್ತು. ಆಮೇಲೆ ಯಾವ ಹೊತ್ತಿನಲ್ಲಿ ಎದ್ದಿತೋ ತಿಳಿಯದು. ಇನ್ನು ಮೂರೇ ದಿನ ಬಾಕಿ ಇತ್ತು. ಆಗಿನಿಂದ ಯಾವ ಕೆಲಸಕ್ಕೂ ಮನಸ್ಸು ನಿಲ್ಲುತ್ತಿಲ್ಲ.

ಇದು ಮೊದಲ ಸಲ ಕೂತ ಕೋಳಿಯಲ್ಲ. ಕಳೆದ ವರ್ಷ ಒಂಬತ್ತರಲ್ಲಿ ಎಂಟು ಮರಿ ಮಾಡಿತ್ತು. ಜೋರು ಮಳೆಯಲ್ಲಿ ಸೂರು ಸೋರಿದ ದಿನವೂ ಕದಲಿರಲಿಲ್ಲ. ಈ ಸಲ ಹನ್ನೊಂದು ಮೊಟ್ಟೆಗಳನ್ನು ಒಂದೇ ಸಂಜೆ ಅದರ ಅಡಿಗೆ ಸರಿಸಿದೆ. ಬೇರೆ ಕೋಳಿ ನಡುವೆ ನುಸುಳಿ ಹೊಸದೊಂದು ಇಟ್ಟರೆ ಗೊತ್ತಾಗಲಿ ಎಂದು ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಏಳನೆಯ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಎರಡು ಗೊಡ್ಡು ಮೊಟ್ಟೆಗಳಿದ್ದವು, ತೆಗೆದೆ. ಹದಿನಾಲ್ಕನೆಯ ರಾತ್ರಿ ಉಳಿದ ಒಂಬತ್ತರಲ್ಲೂ ನರಗಳ ಬಲೆ ಕಾಣುತ್ತಿತ್ತು. ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಹೊರಗೆ ಬಂದು, ಕಾಳು ನೀರು ಮುಗಿಸಿ, ದೊಡ್ಡದಾಗಿ ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತಿತ್ತು. ಎಲ್ಲವೂ ಕ್ರಮವಾಗಿಯೇ ಇತ್ತು.

ಒಂದು ಮಾತ್ರ ಹೇಳಬೇಕು. ಮೂರು ನಾಲ್ಕು ದಿನದಿಂದ ಅದು ಗೂಡಿನಲ್ಲಿ ಕೂತಲ್ಲೇ ಮಿಸುಕಾಡುತ್ತಿತ್ತು, ರೆಕ್ಕೆಯ ಅಡಿಗೆ ಕೊಕ್ಕು ಹಾಕಿ ಕೆದಕಿಕೊಳ್ಳುತ್ತಿತ್ತು. ಜುಟ್ಟಿನ ಕೆಂಪೂ ಇಳಿದಿತ್ತು. ಕಾವಿಗೆ ಕೂತ ಕೋಳಿ ಮೇವು ಕಡಿಮೆ ಮಾಡಿ ಸೊರಗುವುದು ಸಹಜವೆಂದು ಸುಮ್ಮನಿದ್ದೆ. ಈಗ ಎತ್ತಿ ಗೂಡಿನಲ್ಲಿ ಕೂರಿಸಿದರೆ ಬೆಂಕಿ ತುಳಿದಂತೆ ಎದ್ದು ಬರುತ್ತಿದೆ. ಮೊಟ್ಟೆಗಳನ್ನು ಬುಟ್ಟಿಯಲ್ಲಿ ಬಟ್ಟೆ ಸುತ್ತಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟಿದ್ದೇನೆ.

ನನ್ನ ಪ್ರಶ್ನೆ ಎರಡು. ಇವುಗಳಲ್ಲಿ ಜೀವ ಇದ್ದೀತೇ? ಇಷ್ಟು ನಿಷ್ಠೆಯಿಂದ ಕೂತಿದ್ದ ಕೋಳಿ ಏಕೆ ಎದ್ದಿತು? "ಈ ಕೋಳಿಗೆ ತಾಯ್ತನ ಮುಗಿಯಿತು, ಇನ್ನು ಕೂರಿಸಬೇಡ" ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಉತ್ತರ 1

ಮೊದಲು, ಒಂದು ಮೊಟ್ಟೆಯನ್ನೂ ಎಸೆಯಬೇಡಿ. ಮೊದಲ ವಾರದ ಮೊಟ್ಟೆ ಬೇರೆ, ಹದಿನೆಂಟು ದಿನದ ಮೊಟ್ಟೆ ಬೇರೆ. ಕೊನೆಯ ದಿನಗಳಲ್ಲಿ ಒಳಗಿನ ಮರಿ ತಾನೇ ಒಂದಿಷ್ಟು ಶಾಖ ಹುಟ್ಟಿಸುತ್ತದೆ. ಒಂಬತ್ತು ಒತ್ತಾಗಿ ಕೂಡಿಕೊಂಡಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಸ್ವಲ್ಪ ಹೊತ್ತಾದರೂ ಸಿಗುತ್ತದೆ. ನನ್ನದೊಂದು ಹೇಟೆ ಒಮ್ಮೆ ಹತ್ತೊಂಬತ್ತನೆಯ ದಿನ ಹೊರಗೆ ಬಂದಿದ್ದಾಗ ಗಾಳಿಗೆ ಬಾಗಿಲು ಮುಚ್ಚಿಕೊಂಡು ಇಡೀ ರಾತ್ರಿ ಹೊರಗುಳಿಯಿತು. ಹತ್ತು ಮೊಟ್ಟೆಗಳಲ್ಲಿ ಆರು ಮರಿಯಾದವು, ಒಂದು ದಿನ ತಡವಾಗಿ. ನಿಮ್ಮಲ್ಲೂ 21 ದಿನಕ್ಕೆ ಆಗಲಿಲ್ಲವೆಂದು ಕೈಬಿಡಬೇಡಿ, 23 ತುಂಬುವವರೆಗೆ ಕಾಯಿರಿ.

ನನಗೆ ಹೆದರಿಕೆ ಇರುವುದು ಆ ಬಿಸಿನೀರಿನ ಬಾಟಲಿಯ ಬಗ್ಗೆ. ತಂಪಿಗಿಂತ ಅತಿ ಬಿಸಿ ಬೇಗ ಕೊಲ್ಲುತ್ತದೆ. ಬಾಟಲಿಗೆ ದಪ್ಪ ಬಟ್ಟೆ ಸುತ್ತಿ, ಮೊಟ್ಟೆಗಳ ಮೇಲ್ಭಾಗದ ಎತ್ತರಕ್ಕೆ ಥರ್ಮಾಮೀಟರ್ ಇಡಿ. 37ರಿಂದ 38 ಡಿಗ್ರಿಯ ನಡುವೆ ಇರಲಿ. 39 ದಾಟಿದರೆ ಬಾಟಲಿಯನ್ನು ದೂರ ಸರಿಸಿ. ಬದಿಯಲ್ಲಿ ಒದ್ದೆ ಬಟ್ಟೆ ಇಡಿ, ಒಳಗೆ ತೇವ ಬೇಕು. ಹದಿನೆಂಟು ದಿನ ಕಳೆದ ಮೇಲೆ ತಿರುಗಿಸುವುದು ಬೇಡ. ಮರಿ ಈಗ ಗಾಳಿ ಇರುವ ಕಡೆಗೆ ತಲೆ ತಿರುಗಿಸಿಕೊಳ್ಳುವ ಹೊತ್ತು.

ಇಂದು ಕತ್ತಲಾದ ಮೇಲೆ ಮತ್ತೆ ಟಾರ್ಚ್ ಹಿಡಿಯಿರಿ. ದಪ್ಪ ತುದಿಯ ಗಾಳಿಯ ಭಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿಯೇ ಕಾಣುತ್ತದೆ. ಆ ಅಂಚಿನಲ್ಲಿ ಕೆಂಪು ನರ ಕಂಡರೆ ಅಥವಾ ನೆರಳು ಅಲುಗಿದರೆ ಜೀವ ಇದೆ. ನೀರಿನಲ್ಲಿ ತೇಲಿಸಿ ನೋಡಿ ಎಂದು ಯಾರಾದರೂ ಹೇಳಿಯಾರು, ದಯವಿಟ್ಟು ಮಾಡಬೇಡಿ. ಕಣ್ಣಿಗೆ ಕಾಣದ ಬಿರುಕಿದ್ದರೂ ಒಳಗಿನ ಮರಿ ನೀರು ಕುಡಿದು ಸಾಯುತ್ತದೆ.

ಉತ್ತರ 2

ಗೂಡಿನ ಸುತ್ತ ಹಾವು, ಇಲಿ, ಬೆಕ್ಕಿನ ಸುಳಿವು ಇದೆಯೇ? ರಾತ್ರಿ ಹೊತ್ತು ಎದ್ದಿದೆ ಎಂದರೆ ನನಗೆ ಮೊದಲು ಅದೇ ಅನುಮಾನ.

ಕೇಳಿದವರಿಂದ

ಮೊಟ್ಟೆ ಒಂದೂ ಕಡಿಮೆಯಾಗಿಲ್ಲ, ಒಡೆದೂ ಇಲ್ಲ. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು, ಜಾಲರಿಯೂ ಗಟ್ಟಿಯಾಗಿದೆ. ಉಳಿದ ಆರು ಕೋಳಿಗಳೂ ಹುಂಜವೂ ಗಾಬರಿಯಾದಂತಿಲ್ಲ. ಆದರೆ ನೀವು ಕೇಳಿದ ಮೇಲೆ ಇನ್ನೊಂದು ನೆನಪಾಯಿತು. ಕಳೆದ ವಾರದಿಂದ ಅವೆಲ್ಲ ಸಂಜೆ ಒಳಗೆ ಹೋಗಲು ಹಟ ಮಾಡುತ್ತಿವೆ. ಎರಡು ಕೋಳಿಗಳು ಬೇಲಿಯ ಮೇಲೆಯೇ ಮಲಗಿದ್ದವು, ಹಿಡಿದು ಒಳಗೆ ಬಿಟ್ಟಿದ್ದೆ.

ಉತ್ತರ 3

ಅಕ್ಕ, ನನ್ನ ಕೆಂಪು ಹೇಟೆ ಹತ್ತು ದಿನದಿಂದ ಪ್ಲಾಸ್ಟಿಕ್ ಮೊಟ್ಟೆಗಳ ಮೇಲೆ ಕೂತಿದೆ. ಫಲಿತ ಮೊಟ್ಟೆ ಸಿಕ್ಕಿದ ಮೇಲೆ ಬದಲಾಯಿಸೋಣ ಎಂದು ಹಾಗೇ ಬಿಟ್ಟಿದ್ದೆ. ನಿಮ್ಮ ಒಂಬತ್ತನ್ನೂ ಇಂದು ಸಂಜೆಯೇ ತನ್ನಿ. ಕತ್ತಲಲ್ಲಿ ಒಂದೊಂದಾಗಿ ಅಡಿಗೆ ಸರಿಸಿದರೆ ಅದು ಕೊಕ್ಕೆತ್ತುವುದಿಲ್ಲ. ಮರಿಯಾದರೆ ಸಾಕುವ ಹೊಣೆ ನನ್ನ ಕೋಳಿಯದು, ಮರಿಗಳು ನಿಮ್ಮವು.

ಉತ್ತರ 4

ಸಂಜೆ ಹೊರಡುವ ಮೊದಲು ಇದನ್ನು ಓದಿ. ಜುಟ್ಟು ಬಿಳುಚಿದೆ, ಕೂತಲ್ಲಿ ಮಿಸುಕಾಟ, ಉಳಿದ ಕೋಳಿಗಳು ಸಂಜೆ ಒಳಗೆ ಹೋಗಲು ಒಲ್ಲವು. ನಿಮ್ಮ ಕೋಳಿಮನೆಯಲ್ಲಿ ಕೆಂಪು ನುಸಿ ಇದೆ ಎಂದು ನಾನು ಬಹುಮಟ್ಟಿಗೆ ಖಚಿತವಾಗಿ ಹೇಳುತ್ತೇನೆ. ಪಶುವೈದ್ಯರಿಗೆ ಹೇಳುವಾಗ ಡರ್ಮನಿಸ್ಸಸ್ ಗ್ಯಾಲಿನೆ ಎನ್ನಿ. ಹಗಲಲ್ಲಿ ಕೋಳಿಯ ಮೈ ಹುಡುಕಿದರೆ ಒಂದೂ ಸಿಗುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ಹಗಲೆಲ್ಲ ಹಲಗೆಯ ಸಂದು, ಅಡ್ಡಕೋಲಿನ ತುದಿ, ಗೂಡಿನ ಹುಲ್ಲಿನಲ್ಲಿ ಅಡಗಿದ್ದು ರಾತ್ರಿ ಹೊರಟು ರಕ್ತ ಹೀರುತ್ತವೆ. ಉಳಿದ ಕೋಳಿಗಳು ಕೋಲಿನ ಮೇಲಾದರೂ ಅತ್ತಿತ್ತ ಸರಿಯುತ್ತವೆ. ಕಾವಿಗೆ ಕೂತ ತಾಯಿ ಆ ಹುಲ್ಲಿನ ಮೇಲೆಯೇ, ಅಲುಗದೆ, ರಾತ್ರಿ ಹಗಲು ಕೂತಿರುತ್ತದೆ. ಎಲ್ಲಕ್ಕಿಂತ ಹೆಚ್ಚು ರಕ್ತ ಹೋಗುವುದು ಅದರದೇ. ಎದ್ದು ಬಂದದ್ದು ಒಳ್ಳೆಯದಾಯಿತು ಎನ್ನುತ್ತೇನೆ. ಗೂಡಿನಲ್ಲೇ ರಕ್ತ ಬತ್ತಿ ಸತ್ತ ತಾಯಿಕೋಳಿಯನ್ನು ನಾನು ಎತ್ತಿ ಹೊರಗಿಟ್ಟಿದ್ದೇನೆ. ಅದು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡೇ ಇತ್ತು.

ಕೋಳಿಯ ಮೈಮೇಲೆಯೇ ಹಗಲೂ ಇರುವ ನುಸಿ ಬೇರೆ ಜಾತಿಯದು. ಅದಾದರೆ ಗುದದ ಸುತ್ತಲಿನ ಗರಿ ಕೊಳಕು ಕಪ್ಪಾಗಿರುತ್ತದೆ. ಆಗ ಮದ್ದು ಕೋಳಿಗೆ, ಕೆಂಪು ನುಸಿಯಾದರೆ ಮದ್ದು ಮುಖ್ಯವಾಗಿ ಕೋಳಿಮನೆಗೆ. ಆದ್ದರಿಂದ ಎರಡನ್ನೂ ನೋಡಿ. ರಾತ್ರಿ ಒಂಬತ್ತರ ಮೇಲೆ ಬಿಳಿ ಬಟ್ಟೆಯಿಂದ ಅಡ್ಡಕೋಲಿನ ಕೆಳಭಾಗವನ್ನು ಒರೆಸಿ. ಕೆಂಪು ಗೆರೆ ಮೂಡಿದರೆ ಅದು ನಿಮ್ಮ ಕೋಳಿಗಳ ರಕ್ತ.

ಮೊಟ್ಟೆ ಒಯ್ಯುವಾಗ ನಿಮ್ಮ ಗೂಡಿನ ಒಂದು ಹುಲ್ಲುಕಡ್ಡಿಯೂ ಜೊತೆಗೆ ಹೋಗಬಾರದು. ಈಗಿನ ಬುಟ್ಟಿ, ಬಟ್ಟೆ ಎರಡೂ ಬೇಡ. ಒಣ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಹೊಸ ಡಬ್ಬಿಯಲ್ಲಿಡಿ. ತೊಳೆಯಬೇಡಿ, ಚಿಪ್ಪಿನ ಮೇಲಿನ ಕಾಪುಪೊರೆ ಹೋಗುತ್ತದೆ. ಉಟ್ಟ ಬಟ್ಟೆ ಬದಲಿಸಿ, ಕೈ ತೊಳೆದು ಹೋಗಿ. ಮೊಟ್ಟೆ ಉಳಿಸಲು ಹೋಗಿ ಕೆಂಪು ಹೇಟೆಯ ಮನೆಗೆ ನುಸಿ ಹಂಚಿ ಬರುವುದು ಬೇಡ.

ಹುಲ್ಲನ್ನೆಲ್ಲ ಸುಡಿ. ಗೂಡಿನ ಪೆಟ್ಟಿಗೆ, ಅಡ್ಡಕೋಲು ಹೊರತೆಗೆದು ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ. ಗೋಡೆ ಹಲಗೆಗಳನ್ನು ಸಾಬೂನು ನೀರಿನಲ್ಲಿ ಉಜ್ಜಿ ಒಣಗಿಸಿ, ಸುಣ್ಣ ಬಳಿಯಿರಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ ಸಾಕು. ಹಾಗಾಗಿ ಐದಾರು ದಿನ ಬಿಟ್ಟು ಇನ್ನೊಂದು ಸುತ್ತು, ಆಮೇಲೆ ಮತ್ತೊಂದು. ಮನೆ ಖಾಲಿ ಬಿಟ್ಟರೆ ಸಾಯುತ್ತವೆ ಎಂದುಕೊಳ್ಳಬೇಡಿ, ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ನುಸಿ ಕೊಲ್ಲುವ ಪುಡಿ ಎರಚುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಔಷಧ ಸಿಂಪಡಿಸುವುದಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಕೇಳಿದವರಿಂದ, ಅದೇ ರಾತ್ರಿ

ಸಂಜೆ ಏಳೂವರೆಗೆ ಒಂಬತ್ತು ಮೊಟ್ಟೆಗಳನ್ನೂ ಕೆಂಪು ಹೇಟೆಯ ಅಡಿಗೆ ಸರಿಸಿ ಬಂದೆವು. ನೀವು ಹೇಳಿದಂತೆಯೇ ಒರೆಸಿ, ಸ್ನಾನ ಮಾಡಿ, ಬೇರೆ ಬಟ್ಟೆಯುಟ್ಟು ಹೋದೆ. ಟಾರ್ಚಿನಲ್ಲಿ ಆರರಲ್ಲಿ ನರ ಸ್ಪಷ್ಟವಾಗಿ ಕಂಡಿತು. ಒಂದರಲ್ಲಿ ನೆರಳು ಕದಲಿತು. ಉಳಿದವುಗಳ ಬಗ್ಗೆ ಏನೂ ಹೇಳಲಾಗಲಿಲ್ಲ, ಅವನ್ನೂ ಇಟ್ಟೆವು. ಕೆಂಪು ಹೇಟೆ ಒಮ್ಮೆ ಮೈ ಉಬ್ಬಿಸಿ ಗುರುಗುಟ್ಟಿತು, ಆಮೇಲೆ ಕೊಕ್ಕಿನಿಂದ ಕೊನೆಯ ಮೊಟ್ಟೆಯನ್ನು ತಾನೇ ಎದೆಯ ಅಡಿಗೆ ಎಳೆದುಕೊಂಡಿತು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಮನೆಗೆ ಬಂದು ಬಿಳಿ ಬಟ್ಟೆಯಿಂದ ಅಡ್ಡಕೋಲು ಒರೆಸಿ ನೋಡಿದೆ. ಕೆಂಪು ಗೆರೆ ಒಂದಲ್ಲ, ಬಟ್ಟೆಯೇ ಕೆಂಪಾಯಿತು. ಅಡ್ಡಕೋಲಿನ ತುದಿಯಲ್ಲಿ ಬೂದಿಯಂತೆ ಕೂತಿದ್ದನ್ನು ಇಷ್ಟು ದಿನ ದೂಳು ಎಂದುಕೊಂಡಿದ್ದೆ. ಟಾರ್ಚಿನ ಬೆಳಕಿಗೆ ಆ ದೂಳು ನಡೆಯತೊಡಗಿತು. ಕಳೆದ ಸಲದ ಹುಲ್ಲು ಇನ್ನೂ ಚೆನ್ನಾಗಿದೆ ಎಂದು ಅದನ್ನೇ ಮತ್ತೆ ಹಾಸಿದ್ದೆ. ಎರಡು ವಾರಕ್ಕೂ ಹೆಚ್ಚು ಕಾಲ ಈ ಕೋಳಿ ಅದರ ಮೇಲೆ ಕೂತಿತ್ತಲ್ಲ. ಇಂದು ರಾತ್ರಿ ಕೋಳಿಗಳನ್ನೆಲ್ಲ ಹೊರಗೆ ಪಂಜರದಲ್ಲಿ ಮಲಗಿಸಿದ್ದೇನೆ. ನಾಳೆ ಬೆಳಿಗ್ಗೆಯೇ ಸುಡುವ, ತೊಳೆಯುವ ಕೆಲಸ.

ಉತ್ತರ 3

23ನೆಯ ದಿನ, ಬೆಳಿಗ್ಗೆ ಆರು. ಅಕ್ಕ, ಬನ್ನಿ. ನಿನ್ನೆ ಮಧ್ಯಾಹ್ನ ಮೊದಲ ಮೊಟ್ಟೆ ಬಿರಿದಿತ್ತು, ನಿಮಗೆ ಹೇಳಿ ಆಸೆ ಹುಟ್ಟಿಸಲು ಹೆದರಿ ಸುಮ್ಮನಿದ್ದೆ. ಈಗ ರೆಕ್ಕೆಯ ಅಡಿಯಿಂದ ಮೂರು ತಲೆ ಕಾಣುತ್ತಿವೆ, ಇನ್ನೆರಡರ ದನಿ ಕೇಳುತ್ತಿದೆ.

ಕೇಳಿದವರಿಂದ, 25ನೆಯ ದಿನ

ಐದು ಮರಿ. ಉಳಿದ ನಾಲ್ಕನ್ನು ಇಂದು ಒಡೆದು ನೋಡಿದೆ. ಮೂರರಲ್ಲಿ ಪೂರ್ತಿ ಬೆಳೆದ ಮರಿ, ಗರಿ ಕೂಡ ಬಂದಿತ್ತು. ಹಿತ್ತಲಲ್ಲಿ ಹೂತಿಟ್ಟೆ. ಮೊದಲೇ ಹುಲ್ಲು ಬದಲಿಸಿದ್ದರೆ ಎಂದು ಈಗಲೂ ಅನ್ನಿಸುತ್ತಿದೆ.

ಮರಿಗಳನ್ನು ಈಗ ತರುವುದಿಲ್ಲ. ಕೆಂಪು ತಾಯಿ ಅವುಗಳಿಗೆ ಆಗಲೇ ಕಾಳು ಕೆದಕಿ ತೋರಿಸುತ್ತಿದೆ. ಅದು ತಾನಾಗಿ ಕೊಕ್ಕಿನಿಂದ ದೂರ ಮಾಡುವವರೆಗೆ ಅಲ್ಲೇ ಬೆಳೆಯಲಿ. ನನ್ನ ಬೂದು ಹೇಟೆಗೆ ಕಾವಿನ ಗುಂಗು ಬಿಟ್ಟಿದೆ. ಮೂರು ದಿನ ಮಂಕಾಗಿ ಮೂಲೆ ಹಿಡಿದಿತ್ತು. ನಿನ್ನೆಯಿಂದ ಒಣ ಮಣ್ಣಿನಲ್ಲಿ ಹೊರಳಾಡುತ್ತಿದೆ, ಜುಟ್ಟಿನ ಬುಡದಲ್ಲಿ ಕೆಂಪು ಮರಳುತ್ತಿದೆ. ನಾಳೆ ಕೋಳಿಮನೆಗೆ ಎರಡನೆಯ ಸುತ್ತಿನ ಕುದಿನೀರು. ಸುಣ್ಣ ನೆನೆಹಾಕಿ ಇಟ್ಟಿದ್ದೇನೆ.