ತಮಿಳು ಗ್ಯಾಂಗ್‌ಸ್ಟರ್ ಸಿನಿಮಾದ ಹೀರೋಗೆ ಭಯ ಆಗುತ್ತೆ, ನಮ್ಮವರಿಗೆ ಯಾಕೆ ಆಗಲ್ಲ?

ಡೊಂಬಿವಲಿ ಹುಡುಗ:
'ವೆಂದು ತಣಿಂದದು ಕಾಡು' (2022) ಈಗಷ್ಟೇ ನೋಡಿದೆ. ತಮಿಳುನಾಡಿನ ಬಡ ಹುಡುಗ ಮುಂಬೈಗೆ ಬಂದು ಪರೋಟ ಅಂಗಡಿ ಸೇರುತ್ತಾನೆ, ಆಮೇಲೆ ನೋಡಿದರೆ ಜೊತೆಗೆ ಕೆಲಸ ಮಾಡುವವರೆಲ್ಲ ಗ್ಯಾಂಗಿನ ಆಳುಗಳು. ಹೀರೋ ಸಿಂಬು ಮುಖದಲ್ಲಿ ಭಯ ಎದ್ದು ಕಾಣುತ್ತದೆ. ನಮ್ಮಲ್ಲಿ ಹೀರೋ ಎಂಟ್ರಿಗೇ ಹತ್ತು ಜನ ಗಾಳಿಯಲ್ಲಿ ಹಾರುತ್ತಾರೆ. ಇಂಥ ಬೇರೆ ಯಾವ ಸಿನಿಮಾ ಇದೆ, ಹೇಳಿ.

ಮಾಟುಂಗಾ ಶೆಟ್ಟಿ:
'ನಾಯಗನ್' (1987) ನೋಡದಿದ್ದರೆ ಮೊದಲು ಅದು. ಮುಂಬೈನ ತಮಿಳು ಡಾನ್ ವರದರಾಜನ್ ಮುದಲಿಯಾರ್ ಬದುಕಿನ ಎಳೆ ಹಿಡಿದು ಮಣಿರತ್ನಂ ಮಾಡಿದ್ದು. ಆ ಹೆಸರು, ಮಾಟುಂಗಾ ರೈಲ್ವೆ ಸ್ಟೇಷನ್ ಹತ್ತಿರದ ಅವನ ಗಣಪತಿ ಪೆಂಡಾಲ್, ಎರಡೂ ಇಲ್ಲಿಯ ಹಳಬರಿಗೆ ಚೆನ್ನಾಗಿ ಗೊತ್ತು. ಧಾರಾವಿ ಸೆಟ್ ಹಾಕಿದ್ದು ಕಲಾ ನಿರ್ದೇಶಕ ತೋಟ ತರಣಿ, ಅದೂ ಮದ್ರಾಸಿನಲ್ಲಿ! ಮಗನ ಹೆಣ ಬಂದಾಗ ಕಮಲ್ ಅಳುವುದನ್ನು ನೋಡಿ. ಮಾತೇ ಹೊರಡಲ್ಲ, ಗಂಟಲು ಮಾತ್ರ ಒದ್ದಾಡುತ್ತದೆ. ಅಷ್ಟು ದೊಡ್ಡ ಡಾನ್, ಮಗನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ, ಮಗಳೂ ಬಿಟ್ಟು ಹೋದಳು. ಇನ್ನು ನೀವು ಹೇಳಿದ ಪರೋಟ ಅಂಗಡಿ, ಊರಿಂದ ಹೋಟೆಲ್ ಕೆಲಸಕ್ಕೆ ಬಂದು ರಾತ್ರಿ ಶಟರ್ ಎಳೆದ ಮೇಲೆ ಟೇಬಲ್ ಸರಿಸಿ ಅಲ್ಲೇ ಚಾಪೆ ಹಾಸಿದ ನಮ್ಮ ಹುಡುಗರಿಗೆ ಅದು ಸಿನಿಮಾ ಅನಿಸುವುದೇ ಇಲ್ಲ.

ಪುಣೆ ಕನ್ನಡತಿ:
ಶೆಟ್ರೇ, 'ನಾಯಗನ್' ದೊಡ್ಡ ಸಿನಿಮಾ ಒಪ್ಪುತ್ತೇನೆ, ಆದರೆ ಅಲ್ಲಿ ಜನರ ಪಾಲಿಗೆ ಅವನು ದೇವರು. 'ಪುದುಪೇಟೈ'ಯಲ್ಲಿ (2006) ಆ ಪೂಜೆ ಇಲ್ಲ. ಭಿಕ್ಷೆ ಬೇಡುತ್ತಿದ್ದ ಹುಡುಗ, ಕಡ್ಡಿ ಹಾಗಿರುವ ಧನುಷ್, ಒದೆ ತಿಂದು ತಿಂದೇ ಮೇಲೆ ಬರುತ್ತಾನೆ. ಮೇಲೆ ಬಂದ ಮೇಲೆ ನಮಗೆ ಇಷ್ಟವಾಗುವಂತೆಯೂ ಉಳಿಯಲ್ಲ. ನಿರ್ದೇಶಕ ಸೆಲ್ವರಾಘವನ್ ಅವನಿಗೆ ಎಲ್ಲೂ ರಿಯಾಯಿತಿ ಕೊಟ್ಟಿಲ್ಲ. 'ವಡ ಚೆನ್ನೈ' (2018) ಹೀರೋ ಅನ್ಬುಗೆ ಬೇಕಾಗಿದ್ದದ್ದು ಕ್ಯಾರಮ್ ಬೋರ್ಡ್ ಅಷ್ಟೇ, ರೌಡಿ ಆಗಬೇಕು ಅಂತ ಯಾವತ್ತೂ ಹೊರಟವನಲ್ಲ. ಜೈಲಿನಲ್ಲಿ ಕ್ಯಾರಮ್ ಪಂದ್ಯದ ನಡುವೆ ಚಾಕು ಹೊರಗೆ ಬರುವ ಆ ಸೀನ್‌ನಲ್ಲಿ ನನಗೆ ಉಸಿರೇ ಸಿಕ್ಕಿಹಾಕಿಕೊಂಡಿತ್ತು, ಯಾಕಂದ್ರೆ ಅವನು ಸಾಯಬಹುದು ಅಂತ ನಾವು ನಿಜವಾಗಿ ನಂಬಿರುತ್ತೇವೆ. ಹೀರೋ ಗೆಲ್ಲುವುದು ಗ್ಯಾರಂಟಿ ಅಂತಾದರೆ ಮಚ್ಚಿಗೆ ಏನು ಬೆಲೆ?

ಮುಲುಂಡ್ ರಾಯರು:
ಕನ್ನಡವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಬೇಡಿ. ಸೂರಿಯ 'ದುನಿಯಾ' (2007) ಮರೆತಿರಾ? ಅವ್ವನಿಗೊಂದು ಸಮಾಧಿ ಕಟ್ಟಿಸಬೇಕು ಅಂತ ಬೆಂಗಳೂರಿಗೆ ಬಂದ ಕಲ್ಲು ಒಡೆಯುವ ಹುಡುಗ. ಅವನ ಕಷ್ಟಕ್ಕೂ 'ಪುದುಪೇಟೈ' ಹೀರೋ ಕೊಕ್ಕಿ ಕುಮಾರನ ಹಸಿವಿಗೂ ಏನು ದೂರ? ನಮ್ಮಲ್ಲೂ ಆಗಿದೆ, ಆದರೆ ಆಮೇಲೆ ಸ್ಟಾರ್‌ಗಿರಿ ಜಾಸ್ತಿ ಆಯ್ತು.

ಡೊಂಬಿವಲಿ ಹುಡುಗ:
ನಿಜ ರಾಯರೇ, 'ದುನಿಯಾ' ನನಗೆ ಹೊಳೆಯಲೇ ಇಲ್ಲ. ಈ ಭಾನುವಾರ 'ಪುದುಪೇಟೈ'. ಹಿಂದಿ ಡಬ್ಬಿಂಗ್ ಬೇಡ ಅಲ್ವಾ?

ಪುಣೆ ಕನ್ನಡತಿ:
ಬೇಡವೇ ಬೇಡ. ಸಬ್‌ಟೈಟಲ್ ಹಾಕಿಕೊಳ್ಳಿ, ಚೆನ್ನೈ ಗಲ್ಲಿಯ ಮಾತು ಕಿವಿಗೆ ಬೀಳಬೇಕು.